ಶೇಖರ ಮತ್ತು ಅವಸರಗೇಡಿ ವಾಚ್‌ಡಾಗ್

ಗುಂಜಹಳ್ಳಿಯ ಶೇಖರನಿಗೆ ಮೊದಲ ಏಟು ಬಿದ್ದದ್ದು ಸಲಿಕೆಯ ಹಿಡಿಯಿಂದ. ಮೂಗಿನ ಎಲುಬು ಲಟಕ್ಕೆಂದಿತು. ಆಮೇಲೆ ಒದೆ ಯಾರದು, ಗುದ್ದು ಯಾರದು, ನೋಡುವವರು ಯಾರು? ಹಮಾಲರು ಅವನನ್ನು ಭತ್ತದ ರಾಶಿಯ ಮೇಲೆ ಕೆಡವಿಕೊಂಡು ಜಜ್ಜಿದರು. ಅವನು ತಪ್ಪಿಸಿಕೊಳ್ಳಲಿಲ್ಲ. ಅತ್ತ, ಭತ್ತವನ್ನು ಮೇಲಕ್ಕೆ ಹೊರುವ ಎಲಿವೇಟರಿನ ಬುಡದಲ್ಲಿ, ಹಮಾಲ ಅಂಜಿನೇಯನ ಬಲಗೈಯನ್ನು ಕಬ್ಬಿಣದ ಬಕೆಟ್ಟುಗಳು ಮೊಣಕೈವರೆಗೆ ಅರೆದುಹಾಕಿದ್ದವು.

"ಬಂದ್ ಮಾಡೀನಿ, ಕೈ ಹಾಕು ಅಂದಾಂವ ನೀನ ಅಲ್ಲೇನಲೇ?" ಎಂದು ಹಮಾಲರ ಹಿರಿಯ ಸುಂಕಪ್ಪ ಕಿರುಚುತ್ತಿದ್ದ.

ಅಂದದ್ದು ನಿಜ. ಬಂದ್ ಮಾಡಿದ್ದೂ ನಿಜ. ಸಿಕ್ಕಿಕೊಂಡ ಭತ್ತ ತೆಗೆಯಲು ಅಂಜಿನೇಯ ಕೈ ಇಳಿಸಿದ ಮೇಲೆ ಯಂತ್ರ ತಾನಾಗಿಯೇ ಎದ್ದಿತ್ತು.

ಕಲ್ಲೂರಿನ ಆ ಅಕ್ಕಿ ಗಿರಣಿಯ ಮೋಟರುಗಳನ್ನು ನಡೆಸುವುದು ಒಂದು ಕಂಪ್ಯೂಟರ್. ದೇವದುರ್ಗದಲ್ಲಿ ಡಿಪ್ಲೊಮಾ ಓದಿದ ಶೇಖರ ಅದನ್ನು ನೋಡಿಕೊಳ್ಳುತ್ತಿದ್ದ. ಕೈ ಹಾಕುವ ಮೊದಲು ಮೇನ್ ಸ್ವಿಚ್ಚು ಎಳೆಯುವ ರೂಢಿ ಅಲ್ಲಿರಲಿಲ್ಲ. ಸಾಹುಕಾರ ಗಡಿಗೆಪ್ಪನವರ ಹುಕುಂ ಎರಡು: ಕರೆಂಟು ಹೋಗಿ ಬಂದರೆ ಮೋಟರುಗಳು ಯಾರನ್ನೂ ಕೇಳದೆ ಶುರುವಾಗಬೇಕು, ಕಂಪ್ಯೂಟರ್ ಬರೆಯುವ ಪ್ರತಿ ಸಾಲೂ ತಮ್ಮ ಕೋಣೆಯ ಹಳೇ ಪರದೆಯ ಮೇಲೆ ಬರಬೇಕು. ಆ ಪರದೆಯ ತಂತಿಯದು ಇರುವೆ ನಡಿಗೆ. ಮೋಟರ್ ಬಂದ್ ಆದಾಗ ರಾಶಿ ಸಾಲುಗಳು ಹುಟ್ಟುತ್ತಿದ್ದವು. ಅವನ್ನು ಒಂದೊಂದೇ ಅಕ್ಷರವಾಗಿ ದಾಟಿಸುತ್ತ ಕಂಪ್ಯೂಟರ್ ಬೇರೆ ಯಾವುದಕ್ಕೂ ಓಗೊಡುತ್ತಿರಲಿಲ್ಲ. ಅದು ಬದುಕಿದೆಯೋ ಇಲ್ಲವೋ ನೋಡಲು ಒಳಗೊಂದು ಕಾವಲಿರುತ್ತದೆ, ವಾಚ್‌ಡಾಗ್ ಅಂತ. ಓಗೊಡದಿದ್ದರೆ ಸತ್ತಿತೆಂದು ತಿಳಿದು ಬಡಿದೆಬ್ಬಿಸಿ ಮೊದಲಿಂದ ಶುರು ಮಾಡಿಸುತ್ತದೆ. ಬೀದಿ ನಾಯಿಗೂ ಇದಕ್ಕಿಂತ ಬುದ್ಧಿ ಜಾಸ್ತಿ! ಅಂದು ಬರೆಯುತ್ತ ಕೂತಿದ್ದ ಜೀವಂತ ಕಂಪ್ಯೂಟರನ್ನೇ ಅದು ಎಬ್ಬಿಸಿತು. ಎದ್ದ ಕಂಪ್ಯೂಟರ್, ಕರೆಂಟು ಹೋಗಿ ಬಂತೆಂದುಕೊಂಡು ಮೋಟರ್ ಶುರು ಮಾಡಿತು.

ಪರದೆಗೆ ಆ ತಂತಿ ಎಳೆದವನು ಶೇಖರನೇ. ನಿಧಾನವೆಂದು ಗೊತ್ತಿದ್ದೂ ಸಾಹುಕಾರರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಆ ನಾಚಿಕೆ ಮೂಗಿಗಿಂತ ಹೆಚ್ಚು ನೋಯುತ್ತಿತ್ತು.

ರಾಯಚೂರಿನ ದವಾಖಾನೆಯಲ್ಲಿ ಅಂಜಿನೇಯನ ಕೈ ಕತ್ತರಿಸಿದರು. ಶೇಖರ ಮೂಗಿಗೆ ಪಟ್ಟಿ ಹಾಕಿಸಿಕೊಂಡು ಬಂದು, ಒಂದೊಂದು ಸಾಲು ಬರೆದಾಗಲೂ ಕಂಪ್ಯೂಟರ್ ವಾಚ್‌ಡಾಗ್‌ಗೆ 'ಬದುಕಿದ್ದೇನೆ' ಎಂದು ಮುಟ್ಟಿ ಹೇಳುವಂತೆ ಮಾಡಿದ. ಮೋಟರ್ ತಾನಾಗಿ ಶುರುವಾಗುವುದನ್ನು ತೆಗೆಯಲು ಮಾತ್ರ ಸಾಹುಕಾರರು ಬಿಡಲಿಲ್ಲ. ಹಮಾಲರು ಎಲಿವೇಟರಿನ ಹತ್ತಿರ ಸುಳಿಯಲಿಲ್ಲ.

ಅಂಜಿನೇಯನ ತಾಯಿ ಮಾನಮ್ಮ ಬಂದಳು. "ಸರಿ ಆಗೇದ ಅಂತೀಯಲ್ಲ, ನಿನ್ನ ಕೈ ಹಾಕು."

"ಹಾಕ್ತೀನಿ, ಯವ್ವಾ."

ಸುಂಕಪ್ಪ ಬಂದ್ ಮಾಡುವ ಗುಂಡಿ ಒತ್ತಿದ. ಶೇಖರ ಭುಜದವರೆಗೆ ತೋಳು ಇಳಿಸಿದ. ಹಿಂದಕ್ಕೆ ಎಳೆದುಕೊಳ್ಳದಿರಲೆಂದು ಇಬ್ಬರು ಅವನ ಬೆನ್ನ ಮೇಲೆ ಮಂಡಿಯೂರಿದರು. ಕೋಣೆಯ ಪರದೆಯ ಮೇಲೆ ಅಕ್ಷರಗಳು ತೆವಳತೊಡಗಿದವು. ಶೇಖರನಿಗೆ ಉಚ್ಚೆ ಹೋಯಿತು. ಬಕೆಟ್ಟಿನ ಅಂಚು ಮಣಿಕಟ್ಟಿಗೆ ಒತ್ತಿಕೊಂಡೇ ಇತ್ತು, ಅಲುಗಲಿಲ್ಲ.

"ಎಲ್ಲಾ ಸಾಲು ಬಂದ್ವು, ಬಿಡ್ರಿ ಅವನ್ನ!" ಎಂದು ಸಾಹುಕಾರರು ಒಳಗಿಂದ ಕೂಗಿದರು.

ಮಾನಮ್ಮ ಅವನ ಕೈ ಹಿಡಿದು ತಿರುವಿ ತಿರುವಿ ನೋಡಿದಳು, ಒಂದೊಂದು ಬೆರಳೂ ಮುಟ್ಟಿದಳು. ಆಮೇಲೆ ಮೂಗಿನ ಪಟ್ಟಿಯ ಮೇಲೆಯೇ ಬಾರಿಸಿದಳು. ಪಟ್ಟಿ ಕೆಂಪಾಯಿತು.

"ಈ ಕೈನ ನನ್ನ ಮಗಾ ಕೈ ಹಾಕೋದಕ್ಕ ಮೊದಲ ಹಾಕಬೇಕಿತ್ತಲ್ಲೋ, ಬಾಡ್ಕಾವ್!"