ಹುಣಸೆ ಬೀಜದ ಎರಡು ಸಾಲು

ಮೊನ್ನೆ ಸಾರಿಗೆ ಹುಣಸೆಹಣ್ಣು ಹಿಂಡುವಾಗ ಬೆರಳಿಗೆ ಒಂದು ಬೀಜ ಸಿಕ್ಕಿತು. ಮಡಕೆಯ ತಳದಲ್ಲಿ ಉಳಿದಿದ್ದ ಕೊನೆಯ ಉಂಡೆ ಅದು. ಎದುರುಮನೆಯ ಕಾಂಪೌಂಡರು ಹೋದ ಬೇಸಿಗೆಯಲ್ಲಿ ಹಣ್ಣು ಕುಟ್ಟಿ, ಬೀಜ ಬಿಡಿಸಿ, ಉಪ್ಪು ಹಾಕಿ ಉಂಡೆ ಕಟ್ಟಿ ಕೊಟ್ಟದ್ದು. ಅವರು ಬಿಡಿಸಿದ ಹಣ್ಣಿನಲ್ಲಿ ಯಾವಾಗಲೂ ಒಂದೋ ಎರಡೋ ಬೀಜ ಉಳಿದಿರುತ್ತಿದ್ದವು. ಬೇರೆಯವರು ಕೊಟ್ಟ ಹಣ್ಣನ್ನು ನಾನು ಒಂದು ಸಲ ತೊಳೆಯುತ್ತೇನೆ. ಅವರು ಕೊಟ್ಟದ್ದನ್ನು ಮೂರು ಸಲ ತೊಳೆಯುತ್ತಿದ್ದೆ. ಆ ಕೈಗಳು ಎಲ್ಲೆಲ್ಲಿ ಹೊಕ್ಕು ಬಂದಿವೆಯೆಂದು ನನಗೆ ಗೊತ್ತಿತ್ತು...

ಬೀಜವನ್ನು ಎಸೆಯಲು ಹಿತ್ತಲಿಗೆ ಹೋದೆ. ಎಸೆಯಲಿಲ್ಲ.

ಅವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ನಿವೃತ್ತರಾದವರು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ನಾನು ಚಿಂತಾಮಣಿ ಕಡೆಯಿಂದ ಮದುವೆಯಾಗಿ ಶಿಡ್ಲಘಟ್ಟದ ಅಂಚಿನ ಈ ಬೀದಿಗೆ ಬಂದಾಗಲೇ ಅವರ ತಲೆ ಪೂರಾ ಬೆಳ್ಳಗಾಗಿತ್ತು. ಟಿಂಚರು, ಬೀಡಿ, ದನದ ಮೈ ಮೂರೂ ಸೇರಿದ ವಾಸನೆ ಅವರಿಗಿಂತ ಮುಂಚೆ ಬರುತ್ತಿತ್ತು. ಹಾಗೆ ನೋಡಿದರೆ ನಮ್ಮೂರಿನವರಿಗೆ ವಾಸನೆಯ ಮಾತಾಡುವ ಹಕ್ಕಿಲ್ಲ. ಗೂಡಿನಿಂದ ರೇಷ್ಮೆ ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳುವಿನ ನಾತದಲ್ಲೇ ನಾವು ಉಣ್ಣುವವರು. ಆದರೆ ಅವರು ಮುದ್ದೆ ಮುರಿಯುತ್ತಲೇ ಕರು ಹಾಕಿದ ಹಸುವಿಗೆ ಕಸ, ಅಂದರೆ ಮಾಸು, ಬೀಳದ ಕತೆ ಹೇಳುತ್ತಿದ್ದರು, ಕೈ ಹೇಗೆ ಒಳಗೆ ಹಾಕಿದೆನೆಂದು ಅದೇ ಕೈಯಲ್ಲಿ ತೋರಿಸುತ್ತಿದ್ದರು. ನಾನು ಎದ್ದು ಹೋಗುತ್ತಿದ್ದೆ.

ನಮ್ಮದು ಹಿಪ್ಪುನೇರಳೆ ತೋಟ, ಹುಳುಮನೆ. ಕಾವಲಿಗೆಂದು ಸಾಕಿದ ಹೆಣ್ಣುನಾಯಿ ಕೆಂಪಿ. ಅದು ಮೊದಲ ಸೂಲಿಗೆ ಏಳು ಮರಿ ಹಾಕಿತು. ಕಣ್ಣು ಬಿಡುವವರೆಗೂ ನಮ್ಮತ್ತೆ ಸುಮ್ಮನಿದ್ದರು. ಆಮೇಲೆ ಒಂದೊಂದನ್ನೇ ಎತ್ತಿ ಬಾಲದ ಕೆಳಗೆ ನೋಡಿ ಬೇರೆ ಮಾಡಿದರು. ಮೂರು ಗಂಡು ತೋಟದವರಿಗೆ ಹೋದವು. ನಾಲ್ಕು ಹೆಣ್ಣನ್ನು ನಮ್ಮನೆಯವರು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು, ನೂಲು ತೆಗೆಯುವ ಶೆಡ್ಡುಗಳ ಹಿಂದೆ ಬೆಂದ ಹುಳು ಸುರಿಯುವ ಗುಡ್ಡೆಯ ಹತ್ತಿರ ಬಿಟ್ಟು ಬಂದರು. ಹುಳು ತಿಂದುಕೊಂಡು ಬದುಕುತ್ತವೆ ಬಿಡು ಎಂದರು. ಐದಾರು ದಿನ ಬಿಟ್ಟು ಆ ದಾರಿಯಲ್ಲಿ ಹೋಗುವಾಗ ಒಂದು ಮರಿಯನ್ನು ಕಂಡೆ. ಯಾವುದೋ ಲಗೇಜ್ ಆಟೋ ಹರಿದು ರಸ್ತೆಗೆ ಅಂಟಿಕೊಂಡಿತ್ತು. ಬಾಯಲ್ಲಿ ಇನ್ನೂ ಹುಳು ಇತ್ತು. ಮನೆಗೆ ಬಂದರೆ ಕೆಂಪಿ ಮೊಲೆಯಿಂದ ಹಾಲು ಸೋರಿಸಿಕೊಂಡು ಬಾಗಿಲಲ್ಲಿ ಮಲಗಿತ್ತು. ಆ ದಿನ ನಾನಾಗಿಯೇ ರಸ್ತೆ ದಾಟಿ ಕಾಂಪೌಂಡರ ಜಗಲಿಗೆ ಹೋದೆ. ಇನ್ನೊಂದು ಸಲ ಇದು ಆಗಬಾರದು, ಏನು ಮಾಡಬೇಕು ಎಂದು ಕೇಳಿದೆ.

ಅವರು ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದರು. ಆಪರೇಷನ್ ಮಾಡಿಸು ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಗುಡ್ಡೆಯಿಂದ ಬೀಜ ತೆಗೆದು ನೆಲದ ಮೇಲೆ ಎರಡು ಸಾಲು ಇಡತೊಡಗಿದರು. ಒಂದು ಸಾಲು ಒಳ್ಳೆಯದಕ್ಕೆ, ಒಂದು ಕೆಟ್ಟದ್ದಕ್ಕೆ. ಮರಿ ಹಾಕಲ್ಲ, ಅದೊಂದು ಬೀಜ. ಗರ್ಭಚೀಲವೇ ಇಲ್ಲವೆಂದ ಮೇಲೆ ಅದರಲ್ಲಿ ಕೀವು ಕಟ್ಟುವ ಮಾತಿಲ್ಲ, ಇದು ದೊಡ್ಡ ಬೀಜ ಎಂದು ಹುಡುಕಿ ದಪ್ಪದ್ದೊಂದನ್ನು ಇಟ್ಟರು. ಒಂದೆರಡು ಬೆದೆ ಕಳೆಯುವ ಮೊದಲೇ ಮಾಡಿಸಿದ್ದರೆ ಮೊಲೆಯಲ್ಲಿ ಗಂಟು ಬರುವುದೂ ಕಡಿಮೆಯಾಗುತ್ತಿತ್ತು, ಇದಕ್ಕೆ ಆ ಕಾಲ ಹೋಯಿತು ಎಂದು ಇಟ್ಟ ಬೀಜವನ್ನೇ ವಾಪಸ್ ತೆಗೆದುಕೊಂಡರು. ಇನ್ನೊಂದು ಸಾಲಿನಲ್ಲಿ, ಮೈ ಬರುತ್ತದೆ, ಊಟ ನೋಡಿ ಹಾಕಬೇಕು. ವಯಸ್ಸಾದ ಮೇಲೆ ಕೆಲವು ನಾಯಿ ಮಲಗಿದಲ್ಲೇ ಉಚ್ಚೆ ಸೋರಿಸುತ್ತವೆ. ದೊಡ್ಡ ಜಾತಿಯವಕ್ಕೆ ತೀರಾ ಎಳೆಯದರಲ್ಲಿ ಮಾಡಿಸಿದರೆ ಕೀಲು ಹಾಳಾಗಬಹುದಂತೆ, ಅದು ನಮ್ಮ ಊರುನಾಯಿಗೆ ಅಷ್ಟಾಗಿ ಇಲ್ಲ. ಕೊನೆಗೆ ಒಂದು ಬೀಜವನ್ನು ಬೆರಳಲ್ಲಿ ಹಿಡಿದುಕೊಂಡೇ ಇದ್ದರು.

"ಮತ್ತಿನ ಸೂಜಿ ಕೊಟ್ಟಿದ್ದೆಲ್ಲಾ ಎದ್ದೇಳ್ತವೆ ಅಂತ ಯಾರೂ ಬರ್ಕೊಡಲ್ಲ ಕಣಮ್ಮ. ನೂರಕ್ಕೆ ನೂರು ಅಂತ ನಾನು ಹೇಳಿದ್ರೆ ಸುಳ್ಳು," ಎಂದು ಅದನ್ನೂ ಕೆಟ್ಟದ್ದರ ಸಾಲಿಗೆ ಇಟ್ಟರು. "ಆದ್ರೂ ನೋಡು, ಯಾವ ಸಾಲು ಉದ್ದ ಅನ್ನೋದಲ್ಲ. ಯಾವ ಬೀಜ ದೊಡ್ಡದು ಅನ್ನೋದು."

ಅಷ್ಟರಲ್ಲಿ ನಮ್ಮನೆಯವರು ಅಲ್ಲಿಗೆ ಬಂದರು. ಹೆಣ್ಣಿಗೆ ಯಾಕೆ, ಬೀದಿಯ ಗಂಡುನಾಯಿಗಳಿಗೇ ಮಾಡಿಸಿದರಾಗದೇ ಎಂದು ನಾನು ಕೇಳಿದೆ. ಹತ್ತರಲ್ಲಿ ಒಂಬತ್ತಕ್ಕೆ ಮಾಡಿಸಿದರೂ ಹತ್ತನೆಯದೊಂದೇ ಸಾಕು ಎಂದರು ಕಾಂಪೌಂಡರು. ನಮ್ಮನೆಯವರು ಎರಡೂ ಕಾಲು ಜೋಡಿಸಿ ನಿಂತು ನಕ್ಕರು. "ನಿಮ್ ಪಕ್ಕ ನಿಂತ್ಕೊಳ್ಳೋಕೇ ಭಯ ಆಯ್ತದೆ ಸಾರ್."

"ನಿನಗೆ ಮಾಡೋಕೆ ಡಾಕ್ಟ್ರು ಬೇಕಪ್ಪ. ನಾನು ಬರೀ ಕಾಲು ಹಿಡ್ಕೊಳ್ಳೋನು."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಈ ಬೆಳೆ ಮುಗಿಯಲಿ, ಮಾಡಿಸೋಣ ಎಂದು ನಮ್ಮನೆಯವರು ಒಪ್ಪಿಕೊಂಡರು.

ಹುಳು ಸಾಕುವ ಮನೆಯಲ್ಲಿ ಬೆಳೆ ಮುಗಿಯುವುದೆಂಬುದಿಲ್ಲ. ಒಂದರ ಗೂಡು ಬಿಡಿಸಿ ಮಾರಿ ಬಂದು, ಮನೆ ತೊಳೆದು ಬ್ಲೀಚಿಂಗ್ ಪುಡಿ ಹೊಡೆಯುವಷ್ಟರಲ್ಲಿ ಇನ್ನೊಂದರ ಮರಿಹುಳು ಬಂದಿರುತ್ತವೆ. ನಮ್ಮತ್ತೆಯದು ಹಳೆಯ ಕಟ್ಟುನಿಟ್ಟು. ಸಾವಿನ ಮನೆ ಮೆಟ್ಟಿದವರು, ಹೆರಿಗೆ ಮನೆಗೆ ಹೋಗಿ ಬಂದವರು, ರಕ್ತ ಮುಟ್ಟಿದವರು ಆ ಬೆಳೆ ಇಳಿಯುವವರೆಗೂ ಹುಳುಮನೆಯ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಹುಳು ಹಾಲುರೋಗ ಬಂದು, ಮೈ ಒಡೆದು ಬೆಳ್ಳಗೆ ಸೋರಿ ಸಾಯುತ್ತವೆಂದು ಅವರ ನಂಬಿಕೆ. ಸೊಪ್ಪು ಹಾಕುವವಳು ನಾನು. ನಾಯಿ ಕೊಯ್ಯಿಸಿಕೊಂಡು ಬಂದರೆ ಸೊಪ್ಪು ಹಾಕುವವರು ಯಾರು? ಪ್ರತಿ ಸಲ ನಾನು ಮಾತೆತ್ತಿದಾಗಲೂ ಅತ್ತೆ, "ವದ್ದಮ್ಮಾ, ಈಗ ಬೇಡ, ಹಣ್ಣಾಗ್ಲಿ," ಎನ್ನುತ್ತಿದ್ದರು. ಹುಳು ಹಣ್ಣಾಗಿ ಗೂಡು ಕಟ್ಟಲಿ ಎಂದು ನಾನೂ ಸುಮ್ಮನಾಗುತ್ತಿದ್ದೆ.

ಕೆಂಪಿ ಕಾಯಲಿಲ್ಲ. ಬೆದೆಗೆ ಬಂತು. ಗೇಟಿನ ಮುಂದೆ ಗಂಡುನಾಯಿಗಳ ಸಾಲು. ಅವುಗಳ ಕಚ್ಚಾಟ, ಉಚ್ಚೆ, ದಾರಿಹೋಕರ ಕೊಳಕು ಮಾತು... ನಮ್ಮನೆಯವರು ಬೈಕಿನಲ್ಲಿ ಊರೂರು ತಿರುಗಿ ದನಕ್ಕೆ ಸೂಜಿ ಹಾಕುವವನೊಬ್ಬನನ್ನು ಕರೆತಂದು ಬೆದೆ ನಿಲ್ಲಿಸುವ ಇಂಜೆಕ್ಷನ್ ಹಾಕಿಸಿದರು. ಎರಡು ನಿಮಿಷದ ಕೆಲಸ, ರಕ್ತವಿಲ್ಲ, ಮೈಲಿಗೆಯಿಲ್ಲ. ವಿಷಯ ತಿಳಿದ ಕಾಂಪೌಂಡರು ರಸ್ತೆಗೆ ಇಳಿದು ಬಂದು ಇನ್ನು ಬೇಡ, ಅದರಿಂದ ಗರ್ಭಚೀಲ ಕೊಳೆಯುತ್ತದೆ ಎಂದರು. ಇವರು ಹೂಂ ಎಂದರು. ಅದಾದ ಮೇಲೆ ಇನ್ನೂ ಎರಡು ಸಲ ಹಾಕಿಸಿದರು, ಕಾಂಪೌಂಡರು ಊರಲ್ಲಿಲ್ಲದಾಗ. ಹಾಕುವಾಗ ನಾಯಿಯ ಬಾಯಿ ಹಿಡಿದುಕೊಂಡವಳು ನಾನು.

ಮೂರನೆಯ ಇಂಜೆಕ್ಷನ್ ಆದ ಮೇಲೆ ಕೆಂಪಿ ನೀರು ಕುಡಿದದ್ದೇ ಕುಡಿದದ್ದು. ಬಿಸಿಲು ಎಂದುಕೊಂಡೆವು. ಊಟ ಬಿಟ್ಟಿತು. ಬಾಲದ ಕೆಳಗಿಂದ ಕಾಫಿಗೆ ಹಾಕಿದ ಹಾಲು ಒಡೆದಂಥ ಬಣ್ಣದ್ದೇನೋ ಸೋರತೊಡಗಿತು. ಅದರ ನಾತ ಬೇರೆಯೇ. ಬೆಂದ ಹುಳುವಿನ ನಾತ ಮೂಗಿಗೆ ಹೊಡೆದು ಹೋಗುತ್ತದೆ, ಇದು ಗಂಟಲಿಗೆ ಇಳಿದು ಕೂರುತ್ತಿತ್ತು. ಹುಳುಮನೆಯ ಹತ್ತಿರ ಬೇಡವೆಂದು ಅತ್ತೆ ಹೇಳಿದರು. ನಾನೇ ಅದನ್ನು ತಿಪ್ಪೆಯ ಪಕ್ಕ ಕಟ್ಟಿದೆ. ನೊಣ ಮುತ್ತುತ್ತಿದ್ದವು. ಮೂಗಿಗೆ ಸೆರಗು ಹಿಡಿದು, ಕೋಲಿನ ತುದಿಯಿಂದ ತಟ್ಟೆ ತಳ್ಳುತ್ತಿದ್ದೆ.

ಕಾಂಪೌಂಡರು ಗೌರಿಬಿದನೂರಿನ ಮಗಳ ಮನೆಯಿಂದ ಮರಳಿದವರು ಬಸ್ಸಿಳಿದು ಬರುತ್ತಲೇ ಆ ನಾತಕ್ಕೆ ಬೀದಿಯಲ್ಲಿ ನಿಂತರು. ಚೀಲ ಕೆಳಗಿಡಲಿಲ್ಲ. ನಮ್ಮ ಹಿತ್ತಲಿಗೆ ನೇರ ನಡೆದು ಬಂದರು. ಆಗ ಹುಳು ಹಣ್ಣಾಗಲು ಒಂದೇ ದಿನವಿತ್ತು. ಅವರು ನನ್ನನ್ನು ಬಾ ಎನ್ನಲಿಲ್ಲ. ಆಟೋ ತರಿಸಿ, ಸೋರುತ್ತಿದ್ದ ನಾಯಿಯನ್ನು ತಮ್ಮ ಪಂಚೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ದನದ ಆಸ್ಪತ್ರೆಗೆ ಒಬ್ಬರೇ ಹೋದರು.

ಸಂಜೆ ಬಂದರು. ನಾಯಿಯನ್ನು ತಮ್ಮ ಜಗಲಿಯ ಮೇಲೆ ಮಲಗಿಸಿ, ಕೈಯಲ್ಲೊಂದು ಮುಚ್ಚಳದ ಬಕೆಟ್ ಹಿಡಿದು ನಮ್ಮ ಬಾಗಿಲಿಗೆ ಬಂದು ನನ್ನನ್ನು ಕರೆದರು. ನಾನು ಹೊಸ್ತಿಲ ಮೇಲೆ ನಿಂತೆ. ಅವರು ಮುಚ್ಚಳ ತೆಗೆದರು. ಹಂದಿಕರುಳಿನಷ್ಟು ದಪ್ಪ, ಊದಿ ಬಿರಿಯುವಂತಿದ್ದ ಎರಡು ಚೀಲ, ಬೂದುಬಣ್ಣ. ಒಂದು ಕಡೆ ಒಡೆದಿತ್ತು.

"ಇದು ಅದರ ಹೊಟ್ಟೇಲಿತ್ತು. ನೀನು ನೋಡ್ಬೇಕು ಕಣಮ್ಮ, ಅದಕ್ಕೇ ತಂದೆ."

ನಾನು ನುಗ್ಗೆಮರದ ಬುಡಕ್ಕೆ ಓಡಿ ವಾಂತಿ ಮಾಡಿಕೊಂಡೆ. ನಮ್ಮನೆಯವರು ಒಳಗಿಂದ ಇಣುಕಿ, ಮೂಗು ಮುಚ್ಚಿಕೊಂಡು ಬಾಗಿಲು ಎಳೆದುಕೊಂಡರು. ಆ ಬಕೆಟ್ ಹಿಡಿದು ನಿಂತವರನ್ನು ನೋಡಿ ಇಂಥ ಮನುಷ್ಯನೂ ಇರುತ್ತಾನೆಯೇ ಎನಿಸಿತು. ಕಾಂಪೌಂಡರು ಹೋಗಲಿಲ್ಲ. ನಾನು ಬಾಯಿ ಒರೆಸಿಕೊಳ್ಳುವವರೆಗೂ ನಿಂತಿದ್ದು, ನನ್ನ ಮುಖ ನೋಡದೆ ಹೇಳಿದರು.

"ಸರ್ವೀಸಲ್ಲಿದ್ದಾಗ ಆ ಸೂಜಿ ನಾನೂ ಹಾಕಿದೀನಿ. ಕೇಳಿದೋರಿಗೆಲ್ಲಾ ಹಾಕಿದೀನಿ. ಆಮೇಲೆ ಏನಾಯ್ತು ಅಂತ ಒಬ್ಬರ ಮನೆಗೂ ಹೋಗಿ ನೋಡ್ಲಿಲ್ಲ."

ಮರುದಿನ ಬೆಳಗ್ಗೆ ಕೆಂಪಿ ಅವರ ಜಗಲಿಯ ಮೇಲೆ ಸತ್ತಿತು. ವಿಷ ಮೈಗೆಲ್ಲಾ ಏರಿಬಿಟ್ಟಿತ್ತು, ಕತ್ತರಿ ಮುಟ್ಟಿದ್ದೇ ತಡವಾಗಿ ಎಂದರು. ನಮ್ಮ ಮನೆಯಲ್ಲಿ ಹೆಣ ಮುಟ್ಟುವವರಿರಲಿಲ್ಲ. ಹುಳುಗಳನ್ನು ಗೂಡು ಕಟ್ಟಲು ಚಂದ್ರಂಕಿಗೆ, ಬಿದಿರಿನ ತಟ್ಟೆಗಳಿಗೆ, ಬಿಡುವ ದಿನ ಅದು. ಹಣ್ಣಾಗಿ ಹಳದಿಗೆ ತಿರುಗಿದ ಹುಳುಗಳನ್ನು ಒಂದೊಂದಾಗಿ ಆರಿಸುತ್ತಾ ಕಿಟಕಿಯಿಂದ ನೋಡಿದೆ. ಕಾಂಪೌಂಡರು ತೋಟದ ಬದುವಿನಲ್ಲಿ ಗುಂಡಿ ತೋಡುತ್ತಿದ್ದರು. ನಡುನಡುವೆ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದರು. ನನ್ನ ಕೈಯಲ್ಲಿ ಹುಳು ತಣ್ಣಗೆ ಹರಿದಾಡುತ್ತಿತ್ತು. ಹತ್ತು ವರ್ಷದಿಂದ ಮುಟ್ಟುತ್ತಿದ್ದ ಹುಳು... ಆ ದಿನ ಮೊದಲ ಸಲ ನನಗೆ ಅದು ಅಸಹ್ಯವೆನಿಸಿತು. ಹುಳುವಲ್ಲ, ನನ್ನ ಕೈ.

ಆ ಬೆಳೆ ಚೆನ್ನಾಗಿ ಬಂತು.

ಆಮೇಲೆ ನಾನು ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಆ ಬಕೆಟ್ಟಿಗಾಗಿ ಕೋಪ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಮಾತ್ರ ಪ್ರತಿ ಬೇಸಿಗೆ ಹುಣಸೆ ಉಂಡೆ ತಂದು ನಮ್ಮ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ನಾನು ಮೂರು ಸಲ ತೊಳೆಯುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಆಗಲೂ ಹುಳು ಕೊನೆಯ ಹಂತದಲ್ಲಿದ್ದವು. ಎದುರುಮನೆಯ ಮುಂದೆ ಚಟ್ಟ ಕಟ್ಟುವುದನ್ನು ನಾನು ನಮ್ಮ ಬಾಗಿಲಲ್ಲೇ ನಿಂತು ನೋಡಿದೆ. ನಡುವೆ ಇದ್ದದ್ದು ಒಂದು ರಸ್ತೆ. ಅವರ ಮಗಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಇದನ್ನು ಬರೆಯುವಾಗಲೂ ಬಾಯಿ ಕಹಿಯಾಗುತ್ತದೆ.

ಈಗ ಮನೆಯಲ್ಲಿ ಇನ್ನೊಂದು ಹೆಣ್ಣುನಾಯಿ ಇದೆ. ತಾನಾಗಿ ಬಂದು ಸೇರಿಕೊಂಡದ್ದು, ಏಳು ತಿಂಗಳಿರಬಹುದು, ಇನ್ನೂ ಬೆದೆಗೆ ಬಂದಿಲ್ಲ. ಮೊನ್ನೆ ಆ ಬೀಜ ಕೈಗೆ ಸಿಕ್ಕ ಸಂಜೆ, ನಾಳೆ ಆಸ್ಪತ್ರೆಗೆ ಹೋಗುತ್ತೇನೆ ಎಂದೆ. ಹುಳು ಮೂರನೆಯ ಸಲ ಪೊರೆ ಬಿಟ್ಟು ಎದ್ದಿದ್ದವು, ಸೊಪ್ಪು ಕೇಳುವ ಕಾಲ. ಹಣ್ಣಾಗ್ಲಿ ಎಂದರು ಅತ್ತೆ. ನಿನ್ನೆ ಬೆಳಗ್ಗೆ ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಹೋದೆ. ಡಾಕ್ಟರಮ್ಮ ಮತ್ತಿನ ಅಪಾಯದ ಬಗ್ಗೆ ಹೇಳಿ, ಒಪ್ಪಿಗೆಯ ಕಾಗದ ಮುಂದಿಟ್ಟರು. ಅದು ಕೆಟ್ಟದ್ದರ ಸಾಲಿನ ಕೊನೆಯ ಬೀಜ ಎಂದು ನನಗೆ ಮೊದಲೇ ಗೊತ್ತಿತ್ತು. ಸಹಿ ಹಾಕಿದೆ. ಕಾಲು ಹಿಡಿದುಕೊಳ್ಳುತ್ತೀರಾ ಎಂದು ಕೇಳಿದರು. ಹಿಡಿದುಕೊಂಡೆ, ಅದು ಮಲಗುವವರೆಗೂ.

ನಿನ್ನೆಯಿಂದ ನಾನು ಹುಳುಮನೆಯ ಹೊರಗಿದ್ದೇನೆ. ಸೊಪ್ಪನ್ನು ನಮ್ಮನೆಯವರೇ ಹಾಕುತ್ತಿದ್ದಾರೆ, ಗೊಣಗುತ್ತಾ. ಅತ್ತೆ ಮಾತು ಬಿಟ್ಟಿದ್ದಾರೆ. ನಾಯಿ ಜಗಲಿಯ ಮೇಲೆ ನನ್ನ ಪಕ್ಕ ಮಲಗಿದೆ. ಗಾಯ ನೆಕ್ಕದಿರಲೆಂದು ಹಳೆಯ ಬಕೆಟ್ಟಿನ ತಳ ಕೊಯ್ದು ಕುತ್ತಿಗೆಗೆ ಹಾಕಿದ್ದೇನೆ. ಬೆಳಗ್ಗೆ ಎದ್ದು ನೀರು ಕುಡಿಯಿತು, ಎರಡು ತುತ್ತು ಅನ್ನ ತಿಂದಿತು. ನನ್ನ ಸೆರಗಿನಲ್ಲೀಗ ಟಿಂಚರಿನ ವಾಸನೆ.

ಈಗಷ್ಟೇ ಹೊಟ್ಟೆ ತಿರುಗಿಸಿ ನೋಡಿದೆ. ಹೊಲಿಗೆ ಸೋರಿಲ್ಲ, ಕೆಂಪಗಾಗಿಲ್ಲ, ಊತವಿಲ್ಲ. ತೋರಿಸಿ ಬರೋಣವೆಂದು ತಲೆಯೆತ್ತಿದರೆ, ಎದುರು ಜಗಲಿಯ ಮೇಲೆ ಯಾರೂ ಇಲ್ಲ.