ಎರಡನೇ ಸುತ್ತಿನ ಹನ್ನೆರಡು ಬಾರ್

ಮೂರು ವರ್ಷಗಳ ಹಿಂದಿನ ನವೆಂಬರ್. ದುಬೈಯ ಅಲ್ ಬರ್ಷಾದಲ್ಲಿ ಸಣ್ಣದೊಂದು ರೆಕಾರ್ಡಿಂಗ್ ಸ್ಟುಡಿಯೋದ ಸೌಂಡ್ ಇಂಜಿನಿಯರ್ ಆಗಿ ನನಗೆ ಹದಿನೆಂಟನೆಯ ವರ್ಷ ನಡೆಯುತ್ತಿತ್ತು. ಆ ತಿಂಗಳ ಒಂದು ಭಾನುವಾರ ನನ್ನ ಅಣ್ಣ ವಲೇರಿಯನ್ ಇಗರ್ಜಿಯಿಂದ ನೇರವಾಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ, ಟ್ರಂಪೆಟ್ಟನ್ನು ಸ್ನಾನದ ಟವೆಲಿನಲ್ಲಿ ಸುತ್ತಿಕೊಂಡು ಸ್ಟುಡಿಯೋಗೆ ಬಂದ. ದಾರಿಯಲ್ಲಿ ನಾಲ್ಕು ಸಮೋಸ ಕಟ್ಟಿಸಿಕೊಂಡಿದ್ದ. ನಾನು ಅವನನ್ನು ಜೀವಂತವಾಗಿ ನೋಡಿದ್ದು ಅದೇ ಕೊನೆ.

ಅವನನ್ನು ಕರೆಸಿದ್ದಕ್ಕೆ ಕಾರಣವಿತ್ತು. ಡೆನ್ಮಾರ್ಕಿನ ಐವರ ತಂಡವೊಂದು ಐದು ತಿಂಗಳಿನಿಂದ ಇಲ್ಲಿನ ಹೋಟೆಲೊಂದರಲ್ಲಿ ನುಡಿಸುತ್ತಿತ್ತು. ಊರಿಗೆ ಮರಳುವ ಮೊದಲು ತಾವೇ ರಚಿಸಿದ ಹನ್ನೊಂದು ಬ್ಲೂಸ್ ಹಾಡುಗಳ ಆಲ್ಬಮ್ ಮುಗಿಸಬೇಕೆಂದು ಅವರು ನಮ್ಮಲ್ಲಿಗೆ ಬಂದಿದ್ದರು. ಬ್ಲೂಸ್‌ನಲ್ಲಿ ಸಾಮಾನ್ಯವಾಗಿ ಒಂದು ಸುತ್ತು ಎಂದರೆ ಹನ್ನೆರಡು ಬಾರ್, ಒಂದು ಬಾರ್‌ಗೆ ನಾಲ್ಕು ಎಣಿಕೆ. ಇವರದು ಸ್ವಿಂಗ್ ಇರುವ ಬ್ಲೂಸ್. ಎರಡು ಎಣಿಕೆಗಳ ನಡುವಿನ ಸ್ವರವನ್ನು ಸರಿಯಾಗಿ ಮಧ್ಯಕ್ಕೆ ಇಡದೆ ತುಸು ಆಚೆಗೆ ಇಡುತ್ತಾರೆ. ಕೇಳುವವರ ಕಾಲು ತಾನಾಗಿ ಆಡುವುದು ಅದರಿಂದಲೇ. ಹತ್ತು ಹಾಡು ಮುಗಿದಿದ್ದವು. ಏಳನೆಯದಕ್ಕೆ ಮಾತ್ರ ಟ್ರಂಪೆಟ್ ಬಾಕಿ ಇರುವಾಗ ಅವರ ಟ್ರಂಪೆಟ್ ವಾದಕನ ಮುಂದಿನ ಹಲ್ಲು ಕೀಳಬೇಕಾಯಿತು. ಹಲ್ಲಿಲ್ಲದೆ ಆ ವಾದ್ಯ ಊದಲಾಗದು. ತಂಡದ ನಾಯಕ ಯೆನ್ಸ್, ನಿನಗೆ ಗೊತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಅಣ್ಣನ ಹೆಸರು ಬಾಯಿಗೆ ಬಂತು. ಹೇಳಿದ ಕೂಡಲೇ ಮುಜುಗರವೂ ಆಯಿತು.

ಅಣ್ಣ ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಕಾರುಗಳ ಡೆಂಟ್ ತೆಗೆಯುವ ಕೆಲಸ ಮಾಡುತ್ತಿದ್ದ. ಗಲ್ಫಿಗೆ ಬರುವ ಮೊದಲು ಹನ್ನೆರಡು ವರ್ಷ ಊರಿನ ಬ್ರಾಸ್ ಬ್ಯಾಂಡಿನಲ್ಲಿದ್ದ. ಮದುವೆಗೆ, ಇಗರ್ಜಿಯ ಹಬ್ಬದ ಮೆರವಣಿಗೆಗೆ ಊದಿದವನು. ಯೆನ್ಸ್ ಹಾಡನ್ನು ಎರಡು ಸಲ ಕೇಳಿಸಿದ. ಅಣ್ಣ ಕಣ್ಣು ಮುಚ್ಚಿ ಕೇಳಿ, "ಇದು ನಮ್ಮ ಮದುವೆ ಬ್ಯಾಂಡಿನ ನಡಿಗೆಯೇ ಅಲ್ವಾ ಮಾರಾಯ, ಮದುಮಗಳು ಮಾತ್ರ ಇಲ್ಲ" ಎಂದ. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಯೆನ್ಸ್ ನಗಲಿಲ್ಲ, ತಲೆಯಾಡಿಸಿದ.

ಮೊದಲ ಸುತ್ತನ್ನು ಅಣ್ಣ ಒಂದೇ ಸಲಕ್ಕೆ ಊದಿದ. ಎರಡನೆಯ ಸುತ್ತಿನಲ್ಲಿ ಮೂರು ಸ್ವರ ಬಂದು ತುಟಿ ಸೋತಿತು. ಅಭ್ಯಾಸ ತಪ್ಪಿ ವರ್ಷಗಳಾಗಿದ್ದವು. ಸಂಜೆ ಐದಕ್ಕೆ ತಂಡ ಹೋಟೆಲಿಗೆ ಹೊರಡಬೇಕಿತ್ತು. ಯೆನ್ಸ್ ದಿನವೂ ಮಾಡುವಂತೆ ಅಂದಿನ ರೆಕಾರ್ಡಿಂಗ್ ಅನ್ನು ತನ್ನ ಡಿಸ್ಕಿಗೆ ನಕಲು ಮಾಡಿಕೊಂಡು ಹೋದ. ನಾವಿಬ್ಬರೇ ಉಳಿದೆವು. ಅಣ್ಣ ಸಮೋಸ ತಿಂದು, ನೀರು ಕುಡಿದು, ಎರಡನೆಯ ಸುತ್ತನ್ನು ಇನ್ನೊಮ್ಮೆ ತೆಗೆಯೋಣ ಎಂದ. ಈ ಸಲ ಹನ್ನೆರಡೂ ಬಾರ್ ಊದಿದ. "ಖಲಾಸ್. ಇನ್ನು ಕೇಳಿದ್ರೆ ಗಾಳಿಯೂ ಇಲ್ಲ" ಎಂದು ಟ್ರಂಪೆಟ್ಟನ್ನು ಟವೆಲಿನಲ್ಲಿ ಸುತ್ತಿದ.

ಮರುದಿನ ನಾನು ಮಾಡಿದ ಕೆಲಸವನ್ನು ಇಲ್ಲಿ ಪೂರ್ತಿ ಹೇಳಬೇಕು. ನನ್ನ ಅನುಭವವೆಲ್ಲ ರೇಡಿಯೋ ಜಾಹೀರಾತುಗಳದ್ದು. ಮೂವತ್ತು ಸೆಕೆಂಡಿನ ಜಾಹೀರಾತಿನಲ್ಲಿ ಪ್ರತಿ ಶಬ್ದವೂ ಕಂಪ್ಯೂಟರ್ ಪರದೆಯಲ್ಲಿ ಎಣಿಕೆ ತೋರಿಸುವ ಗೆರೆಯ ಮೇಲೆ ಕೂರಬೇಕು. ಅಣ್ಣನ ಸ್ವರಗಳು ಒಂದೊಂದೂ ಗೆರೆ ದಾಟಿದ ಮೇಲೆ ಬರುತ್ತಿದ್ದವು. ಸ್ವಂತ ಅಣ್ಣ ಎಂಬ ಒಂದೇ ಕಾರಣಕ್ಕೆ ಗ್ಯಾರೇಜಿನವನನ್ನು ಕರೆತಂದ ಎಂದು ತಂಡದವರು ಅಂದುಕೊಳ್ಳಬಾರದು ಎಂದಿತ್ತು ನನಗೆ. ಎರಡೂ ಸುತ್ತಿನ ಸ್ವರಗಳನ್ನು ಹಿಂದಕ್ಕೆಳೆದು ಗೆರೆಗೆ ಕೂರಿಸಿದೆ. ಸಾಫ್ಟ್‌ವೇರ್ ಮೂಲ ಧ್ವನಿಯನ್ನು ತಾನಾಗಿ ಉಳಿಸಿಕೊಳ್ಳುತ್ತದೆ. ತಿದ್ದಿದ ಗುರುತು ಯೆನ್ಸ್‌ಗೆ ಕಾಣಬಾರದೆಂದು ತಿದ್ದಿದ್ದನ್ನೇ ಹೊಸ ಫೈಲ್ ಮಾಡಿ ಹಳೆಯದನ್ನು ನಾನೇ ಅಳಿಸಿದೆ.

ಸಂಜೆ ಅದನ್ನು ಅಣ್ಣನ ಫೋನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನೇ ಕರೆ ಮಾಡಿದ. ಹಿಂದೆ ಯಾರೋ ತಗಡು ಬಡಿಯುತ್ತಿದ್ದರು.

"ಚಂದ ಉಂಟು. ಆದ್ರೆ ಇದು ನಾನು ಊದಿದ್ದಾ?"

"ಮತ್ತೆ ಯಾರು?"

"ಯಾರೋ ಡೆಂಟ್ ತೆಗೆದ ಹಾಗೆ ಉಂಟು ಮಾರಾಯ. ನನಗಿಂತ ಒಳ್ಳೆ ಕೆಲಸ."

ನಾನು ನಕ್ಕೆ. ನಿಜ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಅವನ ಹೃದಯ ನಿಂತಿತು. ಐವತ್ತೊಂದು ವರ್ಷ. ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಹಿಲ್ಡಾ ಅತ್ತಿಗೆಗೆ ಫೋನ್ ಮಾಡಿದ್ದು ನಾನೇ. ಕಾಗದಪತ್ರಗಳಿಗೆ ನಾಲ್ಕು ದಿನ ಹಿಡಿಯಿತು. ದೇಹದೊಂದಿಗೆ ನಾವಿಬ್ಬರೂ ಊರಿಗೆ ಹೋದೆವು. ಶವಯಾತ್ರೆಗೆ ಅವನ ಹಳೆಯ ಬ್ಯಾಂಡಿನವರು ಬಂದಿದ್ದರು. ಟ್ರಂಪೆಟ್‌ನವರು ಮುಂದೆ, ದೊಡ್ಡ ಡ್ರಮ್ ಎಲ್ಲರ ಹಿಂದೆ. ನಾನು ನಡುವೆ ನಡೆಯುತ್ತಿದ್ದೆ. ಮುಂದಿನವರು ಪ್ರತಿ ಸ್ವರಕ್ಕೂ ಒಂದು ಕ್ಷಣ ತಡೆದು, ಹಿಂದಿನ ಡ್ರಮ್ಮಿನ ಪೆಟ್ಟು ತಮ್ಮನ್ನು ಮುಟ್ಟಿದ ಮೇಲೆಯೇ ಊದುತ್ತಿದ್ದರು. ಹನ್ನೆರಡು ವರ್ಷ ಅಣ್ಣ ನಡೆದದ್ದು ಆ ಮುಂದಿನ ಸಾಲಿನಲ್ಲಿ. ಅವನ ಸ್ವರಗಳು ಗೆರೆ ದಾಟಿ ಬರುತ್ತಿದ್ದುದು ಯಾಕೆಂದು ನನಗೆ ಅಲ್ಲಿಯೇ, ಆ ರಸ್ತೆಯಲ್ಲಿಯೇ ತಿಳಿಯಿತು.

ಅಣ್ಣ ತೀರಿಹೋದ ಹದಿನಾಲ್ಕನೆಯ ದಿನ ಕೆಲಸಕ್ಕೆ ಮರಳಿದೆ. ಯೆನ್ಸ್ ಬಂದು ಕೈ ಹಿಡಿದುಕೊಂಡ. ಆಮೇಲೆ ಏಳನೆಯ ಹಾಡು ಹಾಕಲು ಹೇಳಿದ. ಮುಗಿದ ಮೇಲೆ, ಟ್ರಂಪೆಟ್ಟನ್ನು ಯಾರು ಮುಟ್ಟಿದರು ಎಂದು ಕೇಳಿದ.

"ನಾನು. ತಡವಾಗಿ ಬರುತ್ತಿದೆ ಎಂದುಕೊಂಡೆ."

"ಅವನು ತಡ ಮಾಡುತ್ತಿರಲಿಲ್ಲ. ನಮ್ಮ ಡ್ರಮ್ಮರ್‌ಗಾಗಿ ಕಾಯುತ್ತಿದ್ದ. ಮೂಲ ಎಲ್ಲಿದೆ?"

ಇಲ್ಲ ಎಂದೆ. ಯಾಕೆ ಅಳಿಸಿದೆ ಎಂಬುದನ್ನೂ ಹೇಳಿದೆ. ಅವನು ಬೈಯಲಿಲ್ಲ. ಚೀಲದಿಂದ ತನ್ನ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟ. ಮೊದಲ ಸುತ್ತು ಅದರಲ್ಲಿ ಪೂರ್ತಿ ಇತ್ತು. ಎರಡನೆಯ ಸುತ್ತಿನಲ್ಲಿ ಮೂರು ಸ್ವರ, ಆಮೇಲೆ ಅಣ್ಣನ ಕೆಮ್ಮು.

ಸ್ಟುಡಿಯೋದ ಡಿಸ್ಕನ್ನು, ಅಳಿಸಿದ್ದನ್ನು ಮರಳಿ ತೆಗೆಯುವ ಡೇಟಾ ರಿಕವರಿಯವರಿಗೆ ಕೊಟ್ಟೆ. ನಾನು ಊರಿನಲ್ಲಿದ್ದಾಗ ಹಳೆಯ ಫೈಲ್ ಇದ್ದ ಜಾಗದ ಮೇಲೆ ಸೂಪರ್ ಮಾರ್ಕೆಟ್ ಒಂದರ ಜಾಹೀರಾತುಗಳು ರೆಕಾರ್ಡ್ ಆಗಿದ್ದವು. ತಿದ್ದಿದ ಸ್ವರಗಳನ್ನು ಮತ್ತೆ ಗೆರೆಯಿಂದ ಆಚೆಗೆ ತಳ್ಳಿ ನೋಡಲು ಮೂರು ಮಧ್ಯಾಹ್ನ ಕುಳಿತೆ. ಎಲ್ಲವನ್ನೂ ಒಂದೇ ಅಳತೆಗೆ ತಳ್ಳಿದರೆ ಸೋಮಾರಿಯೊಬ್ಬ ಊದಿದಂತಾಗುತ್ತಿತ್ತು. ಮೊದಲ ಸುತ್ತನ್ನು ಅಳೆದೆ. ಅಣ್ಣ ಒಂದು ಸ್ವರಕ್ಕೆ ಹೆಚ್ಚು ಕಾದಿದ್ದ, ಇನ್ನೊಂದಕ್ಕೆ ಕಡಿಮೆ, ಕೆಲವಕ್ಕೆ ಕಾದೇ ಇರಲಿಲ್ಲ. ಎರಡನೆಯದರಲ್ಲಿ ಎಲ್ಲಿ ಎಷ್ಟು ಕಾದಿದ್ದನೆಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಕೊನೆಗೆ ಯೆನ್ಸ್ ತೀರ್ಮಾನಿಸಿದ. ಮೊದಲ ಸುತ್ತಿಗೆ ಅಣ್ಣನ ಟ್ರಂಪೆಟ್. ಎರಡನೆಯ ಸುತ್ತಿನಲ್ಲಿ ಬಾಸ್ ಮತ್ತು ಡ್ರಮ್ ಮಾತ್ರ. ಬೇರೆಯವರಿಂದ ಊದಿಸುವುದಕ್ಕೆ ಅವನು ಒಪ್ಪಲಿಲ್ಲ. ಆಲ್ಬಮ್ ಹಾಗೆಯೇ ಹೊರಬಂತು.

ಸಿ.ಡಿ. ಕೈಗೆ ಬಂದ ವಾರ ಅಲ್ ಐನ್‌ಗೆ ಹೋದೆ. ಅತ್ತಿಗೆ ಡ್ಯೂಟಿ ಮುಗಿಸಿ ಬಂದು, ಸಮವಸ್ತ್ರದಲ್ಲೇ ನನ್ನ ಕಾರಿನಲ್ಲಿ ಕುಳಿತು ಕೇಳಿದರು. ಎರಡನೆಯದು ಶುರುವಾಗಿ ನಾಲ್ಕೈದು ಬಾರ್ ಕಳೆದಾಗ ನನ್ನ ಕಡೆ ತಿರುಗಿದರು.

"ಇಲ್ಲಿ ಇವರು ಎಲ್ಲಿ ಹೋದ್ರು?"

ಅವರಿಗೂ ಎಲ್ಲ ಹೇಳಿದೆ. ಅಣ್ಣ ಫೋನಿನಲ್ಲಿ ಕೇಳಿದ್ದನ್ನೂ, ನಾನು ನಕ್ಕದ್ದನ್ನೂ ಹೇಳಿದೆ. ಅವರು, ಇನ್ನೊಮ್ಮೆ ಮೊದಲಿನಿಂದ ಹಾಕು ಎಂದರು.

ಈಗ ನಮ್ಮ ಸ್ಟುಡಿಯೋಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನ ಹೇಳುವುದು ಇಷ್ಟೆ: ಮೊದಲು ನಕಲು ಮಾಡಿಡಿ, ಆಮೇಲೆ ಕೇಳಿ, ತಪ್ಪು ಎನಿಸಿದರೆ ಊದಿದವರನ್ನು ಕೇಳಿ, ತಿದ್ದುವುದು ಅದರ ನಂತರ. ಹದಿನೆಂಟು ವರ್ಷದ ಕೆಲಸ ಕಲಿಸದ ಈ ಕ್ರಮವನ್ನು ಒಂದು ಸೋಮವಾರ ಕಲಿಸಿತು.

ನಾನು ತಿದ್ದಿದ ಎರಡನೆಯ ಸುತ್ತು ಈಗಲೂ ನನ್ನ ಬಳಿ ಇದೆ. ಅಣ್ಣ ಊದಿದ್ದು ಇಲ್ಲ.