ಶೆಟ್ಟರ ಅಶ್ವಗಂಧದ ಶೀಸೆ

ಚನ್ನಪಟ್ಟಣದ ನಾಗಭೂಷಣ ಶೆಟ್ಟರು ತಮ್ಮ ಗ್ರಂಧಿಗೆ ಅಂಗಡಿಯಲ್ಲಿ ಅರಿಶಿನದ ಕೊಂಬನ್ನೂ ಪ್ರಶ್ನೆ ಕೇಳದೆ ಕೊಡುವುದಿಲ್ಲ ಎಂದು ನಮ್ಮ ಬೀದಿಯವರು ಆಡಿಕೊಳ್ಳುತ್ತಾರೆ. ಮನಸ್ಸಿಗೆ ಮಂಕು, ಎದೆಯಲ್ಲಿ ನಡುಕ ಎಂದು ಯಾರಾದರೂ ಅಶ್ವಗಂಧದ ಸತ್ವ ಕೇಳಿದರಂತೂ ಶೀಸೆಯನ್ನು ಹಿಂದಕ್ಕೆ ಸರಿಸಿಯೇ ಮಾತು ಶುರು. “ಡಾಕ್ಟ್ರು ಕೊಟ್ಟಿರೋ ಮಾತ್ರೆ ಏನೈತೆ? ಬಸುರಿಯೇನವ್ವಾ? ಥೈರಾಯ್ಡ್ ಐತಾ?” ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. “ಬರೀ ಬೇರು ತಾನೇ ಶೆಟ್ರೇ, ಏನಾಯ್ತದೆ?” ಎಂದರೆ, “ದತ್ತೂರಿ ಕಾಯೂ ಗಿಡದ್ದೇ ಕಣವ್ವ, ಒಸಿ ಅರೆದುಕೊಡ್ಲಾ?” ಎನ್ನುತ್ತಾರೆ. ಮೊನ್ನೆ, ಬಿಡದಿಯ ಕಡೆ ಗಾರ್ಮೆಂಟ್ಸಿಗೆ ಹೋಗುವ ಪಕ್ಕದ ಮನೆ ಲತಾಮಣಿಯನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ತಲೆಗೆ ಮಾತ್ರೆ ನುಂಗುವವಳೆಂದು ಗಂಡಿನ ಕಡೆಯವರಿಗೆ ತಿಳಿದರೆ ನಿಶ್ಚಯವಾಗಿರುವ ಮದುವೆ ಮುರಿಯುತ್ತದೆಂದು ಹೆದರಿ, ಅವಳು ಆವತ್ತಿನ ಮಾತ್ರೆ ನುಂಗದೆ ಬ್ಯಾಗಿನ ತಳದಲ್ಲಿ ಬಚ್ಚಿಟ್ಟಿದ್ದಳು. ಇನ್ನು ಬೇರಿನಲ್ಲೇ ವಾಸಿ ಮಾಡಿಕೊಳ್ಳುವ ಹಟ. ಶೆಟ್ಟರು ಕೇಳಿದಾಗ, “ಯಾವ ಮಾತ್ರೇನೂ ಇಲ್ಲ” ಎಂದು ತಲೆ ತಗ್ಗಿಸಿದಳು. ಅಂಗಡಿ ತುಂಬ ಜನ. ಶೆಟ್ಟರು ಬಯ್ಯಲಿಲ್ಲ, ಜೇಬಿನಿಂದ ತಮ್ಮ ಮಾತ್ರೆ ತೆಗೆದು, ಎಲ್ಲರೆದುರೇ ಬಾಯಿಗೆ ಹಾಕಿಕೊಂಡು ನೀರು ಕುಡಿದರು. “ನಂಗೂ ಮನಸ್ಸು ಮಂಕಾಗಿ, ಮಕ ತೊಳೆಯಕ್ಕೂ ಏಳಕ್ಕಾಗ್ದೆ ಮಲಗ್ಬುಟ್ಟಿದ್ದೆ ಕಣವ್ವ, ಎಬ್ಬಿಸಿದ್ದು ಇದೇಯ. ಬಿಡೋದಾದ್ರೆ ಡಾಕ್ಟ್ರನ್ನ ಕೇಳಿ ಬಿಡ್ಬೇಕು. ಅಲ್ಲೀಗಂಟ ಈ ಶೀಸೆ ನಂಗೂ ಇಲ್ಲ, ನಿಂಗೂ ಇಲ್ಲ.” ಲತಾಮಣಿ ನನ್ನ ಮುಖ ನೋಡಿದಳು, ಜನರನ್ನು ನೋಡಿದಳು. ಆಮೇಲೆ ಬ್ಯಾಗಿಗೆ ಕೈಹಾಕಿ ಮಾತ್ರೆ ತೆಗೆದು, “ಶೆಟ್ರೇ, ನೀರು ಒಸಿ ಉಳಿದೈತಾ?” ಎಂದಳು.